ಮುಕ್ಕಾಲಿಯ ಕ್ಯಾಮೆರಾ, ಅಕ್ಕನ ಮೇಜು

ಕ್ಯಾಮೆರಾ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮುಕ್ಕಾಲಿ ಅಂತಲೇ ಕರೆಯುತ್ತಿದ್ದರು. ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾದ ಹೊಟ್ಟೆಯೊಳಗೇ ಮೂರು ಮಡಿಸುವ ಕಾಲುಗಳನ್ನು ಅಡಗಿಸಬೇಕೆಂದು ಹಟ ಹಿಡಿದ ವಿನ್ಯಾಸಕಾರ ಅವನು. "ನಾಲ್ಕು ಕಾಲಿನ ಕುರ್ಚಿ ಕುಂಟುತ್ತೆ, ಮೂರು ಕಾಲಿನ ಸ್ಟೂಲು ಎಲ್ಲಿಟ್ರೂ ಕುಂಟಲ್ಲ" ಎಂದು ಊಟದ ಬಿಡುವಿನಲ್ಲೂ ಪಾಠ ಹೇಳಿ ಹೇಳಿ ಆ ಹೆಸರು ಸಂಪಾದಿಸಿದ್ದ.

ಹಟಕ್ಕೆ ಕಾರಣ ಅಕ್ಕ. ಮನೆಯ ಫೋಟೋಗಳನ್ನೆಲ್ಲ ತೆಗೆದವಳು ಅವಳೇ. ಹಾಗಾಗಿ ಒಂದರಲ್ಲೂ ಅವಳಿಲ್ಲ. ಆಲ್ಬಮ್ ತಿರುವಿದರೆ ಒಂದು ಫೋಟೋದ ಮೂಲೆಯಲ್ಲಿ ಅವಳ ಹೆಬ್ಬೆರಳು, ಇನ್ನೊಂದರಲ್ಲಿ ಅಂಗಳದ ಮೇಲೆ ಅವಳ ನೆರಳು, ಅಷ್ಟೇ. ತಾನೇ ನಿಂತು ತಾನೇ ಫೋಟೋ ತೆಗೆಯುವ ಕ್ಯಾಮೆರಾ ಇದ್ದರೆ ಅಕ್ಕ ಕ್ಯಾಮೆರಾದ ಹಿಂದಿನಿಂದ ಈಚೆ ಬರಬಹುದಲ್ಲ ಎಂದು ಅವನ ಲೆಕ್ಕ.

ಮಾದರಿ ಸಿದ್ಧವಾದ ವಾರದಲ್ಲೇ ಅಕ್ಕ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದಳು. ಅವಳ ಮನೆಯಲ್ಲಿ ಚಹಾಕೂಟ. ದೂರದೂರಿಂದ ಚಿಕ್ಕಮ್ಮ ಬಂದಿದ್ದರು. ಕ್ಯಾಮೆರಾ ಮನೆಯೊಂದರಲ್ಲಿ ಹೇಗೆ ನಡೆದುಕೊಳ್ಳುತ್ತದೆ ನೋಡೋಣವೆಂದು ಅವನ ವಿಭಾಗದ ಮುಖ್ಯಸ್ಥೆಯೂ ಬಂದಿದ್ದರು. ಅವರು ಒಪ್ಪಿದರೆ ಬಿಡಿಭಾಗಗಳ ಅಚ್ಚು ಹಾಕಿಸುವ ಕೆಲಸ ಶುರು.

ಭಾವ ಆ ಬೆಳಿಗ್ಗೆಯಷ್ಟೇ ಊಟದ ಮೇಜನ್ನು ಮುಖ ಕಾಣುವ ಹಾಗೆ ಉಜ್ಜಿದ್ದರು. ಮುಕ್ಕಾಲಿ ಕ್ಯಾಮೆರಾದ ಕಾಲು ಬಿಚ್ಚಿ ಅದರ ಅಂಚಿನಲ್ಲಿ ನಿಲ್ಲಿಸಿದ. ಗುಂಡಿ ಒತ್ತಿದ, ಓಡಿ ಸಾಲಿನಲ್ಲಿ ಸೇರಿಕೊಂಡ. ಅಡುಗೆಮನೆಯಲ್ಲೇ ಉಳಿದಿದ್ದ ಅಕ್ಕ, "ನನ್ನ ಬಿಟ್ಟು ತೆಗೀಬೇಡ್ರೋ!" ಎನ್ನುತ್ತ ಮೇಜಿನ ಪಕ್ಕದಿಂದ ಧಾವಿಸಿ ಬಂದು ನಡುವಿನ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಕ್ಯಾಮೆರಾ ಮೂಗು ಮುಂದಾಗಿ ಮುಗ್ಗರಿಸಿತು. ಕ್ಲಿಕ್ ಎಂದಿತು. ಮಸೂರ ಚಾಚಿಕೊಂಡಿದ್ದ ಕೊಳವೆ ಸೊಟ್ಟಗಾಗಿ ಸಿಕ್ಕಿಕೊಂಡಿತು.

"ಅಕ್ಕಾ! ಮೇಜು ತಳ್ಳಿಬಿಟ್ಯಲ್ಲ! ಒಂದು ಕ್ಷಣ ನೋಡ್ಕೊಂಡು ಬರೋಕಾಗಲ್ವಾ ನಿನಗೆ?"

ಎಲ್ಲರೂ ಅಕ್ಕನ ಕಡೆ ತಿರುಗಿದರು. "ಅಯ್ಯೋ, ನನ್ನ ಸೊಂಟ ತಗುಲಿತೇನೋ ಕಣೋ" ಎಂದು ಅವಳು ಎದ್ದೇಬಿಟ್ಟಳು. ಆಮೇಲೆ ಚಿಕ್ಕಮ್ಮ ರೈಲಿಗೆ ಹೊರಡುವವರೆಗೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಕ್ಯಾಮೆರಾದೊಳಗೆ ಉಳಿದಿದ್ದು ಎಲ್ಲರ ಪಾದಗಳ ಚಿತ್ರ.

ಮರುದಿನ ಕಾರ್ಖಾನೆಯಲ್ಲಿ ಕೊಳವೆ ರಿಪೇರಿ ಮಾಡಿ ಪರೀಕ್ಷೆಗಿಟ್ಟ. ಎಂದಿನಂತೆ ಬಂಡೆಯ ಹಾಗೆ ನಿಂತಿತು. ಫ್ಯಾನ್ ಹಾಕಿದ, ಮೇಜು ಗುದ್ದಿದ, ಬೀಳಲಿಲ್ಲ. ಅಕ್ಕನದೇ ತಪ್ಪು ಎಂದು ಸಮಾಧಾನಪಟ್ಟುಕೊಳ್ಳುತ್ತ, ಊಟಕ್ಕೆ ಹೋಗುವ ಮುಂಚೆ ಕ್ಯಾಮೆರಾವನ್ನು, ಮಸೂರ ಚಾಚಿದ್ದಂತೆಯೇ, ಗಾಜಿನ ಬೀರುವಿನ ಮೇಲೆ ಎತ್ತಿಟ್ಟ. ನೋಡುತ್ತಿದ್ದಂತೆಯೇ ಮುಂದಿನ ಎರಡು ಕಾಲುಗಳು, ಮಂಜುಗಡ್ಡೆಯ ಮೇಲೆ ನಿಂತ ಕರುವಿನ ಕಾಲಿನಂತೆ, ಮೆಲ್ಲಗೆ ಅಗಲವಾದವು. ಯಾರೂ ಮುಟ್ಟಿರಲಿಲ್ಲ.

ಅವನು ತನ್ನ ಕೆಲಸದ ಮೇಜನ್ನು ನೋಡಿದ. ಲೋಹಕ್ಕೆ ಗೀರು ಬೀಳಬಾರದೆಂದು ಅದರ ಮೇಲೆ ಮೊದಲಿಂದಲೂ ಕಪ್ಪು ರಬ್ಬರ್ ಹಾಸು. ಅಷ್ಟೂ ಪರೀಕ್ಷೆ ನಡೆದದ್ದು ಅದರ ಮೇಲೆಯೇ. ಇಷ್ಟು ದಿನ ಕಾಲುಗಳನ್ನು ಹಿಡಿದು ನಿಲ್ಲಿಸಿದ್ದು ಅವನ ವಿನ್ಯಾಸವಲ್ಲ, ಆ ಹಾಸು. ಮಸೂರ ಹೊರಗೆ ಚಾಚಿದಾಗ ಭಾರ ಮುಂದಕ್ಕೆ ಬರುತ್ತದೆ, ನುಣುಪಾದ ಕಡೆ ಪಾದ ಜಾರುತ್ತದೆ.

ಪಾದಗಳಿಗೆ ರಬ್ಬರ್ ಗೊರಸು ಸೇರಿಸಿ, ಕಾಲುಗಳು ಅಗಲವಾಗದಂತೆ ಕೀಲಿಗೆ ತಡೆ ಕೊಟ್ಟು ಹೊಸ ನಕ್ಷೆ ಬರೆದ. ಮುಖ್ಯಸ್ಥೆ ಅದನ್ನು ನೋಡಿ, "ಇದ್ಯಾಕ್ರೀ? ಅವತ್ತು ಬೀಳಿಸಿದ್ದು ನಿಮ್ಮಕ್ಕ ಅಲ್ವಾ?" ಎಂದರು.

"ಹೌದು ಮೇಡಂ. ಇರಲಿ ಅಂತ ಅಷ್ಟೇ."

ಕ್ಯಾಮೆರಾ ರಿಪೇರಿಯಾಗಿತ್ತು. ಆ "ಹೌದು" ಮಾತ್ರ ಹಾಗೇ ಉಳಿಯಿತು. ಅಕ್ಕನ ಫೋನ್ ಬಂದರೆ ಕೆಲಸದ ನೆಪ ಹೇಳಿ ಇಟ್ಟುಬಿಡುತ್ತಿದ್ದ.

ಕೊನೆಗೊಂದು ರಜೆಯ ದಿನ ಹೊಸ ಮಾದರಿ ಹಿಡಿದು ಹೋದ. ಅಕ್ಕ ಬಾಗಿಲಲ್ಲೇ ಶುರುಮಾಡಿದಳು. "ಬಂದ್ಯಾ ದೊರೆ! ಬಾ, ನೋಡಿಲ್ಲಿ. ಬಡಗೀನ ಕರೆಸಿ ಮೇಜಿನ ಕಾಲು ಬಿಗಿ ಮಾಡಿಸಿದ್ದೀನಿ. ಗೋಡೆಗೂ ಒತ್ತಿಸಿದ್ದೀನಿ. ಇನ್ಮೇಲೆ ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ."

ಮೇಜಿನ ಕಾಲುಗಳಿಗೆ ಹೊಸ ಮರದ ತುಂಡುಗಳನ್ನು ಜೋಡಿಸಿ ಮೊಳೆ ಹೊಡೆದಿತ್ತು. ಮುಕ್ಕಾಲಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಕ್ಕ, ಮೇಜಿಗೇನೂ ಆಗಿರಲಿಲ್ಲ. ನೀನೂ ತಳ್ಳಿರಲಿಲ್ಲ. ಕಾಲು ಜಾರಿದ್ದು ಕ್ಯಾಮೆರಾದ್ದೇ."

"ಯಾವತ್ತು ಗೊತ್ತಾಯ್ತು?"

"ಮಾರನೇ ದಿನಾನೇ."

ಅಕ್ಕ ಮೇಜಿನ ಮರದ ತುಂಡೊಂದನ್ನು ಕಾಲಿನಿಂದ ಒತ್ತಿ ನೋಡುತ್ತ ನಿಂತಳು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನಿನಗೆ ನೆಲ ಸಿಗಲಿಲ್ಲ, ಅಕ್ಕ ಸಿಕ್ಕಿದ್ಲು." ಆಮೇಲೆ ದನಿ ತಗ್ಗಿತು. "ಚಿಕ್ಕಮ್ಮಂಗೆ ಫೋನ್ ಮಾಡಿದಾಗೆಲ್ಲ ಕ್ಷಮಿಸಿ ಅಂತಿದ್ದೆ ಕಣೋ ನಾನು. ನಿಮ್ಮ ಮೇಡಂಗೆ ಹೇಳಿದ್ಯಾ?"

"ಇಲ್ಲ."

"ಅವರ ಮುಂದೆ ತಾನೇ ನನ್ನ ಮೇಲೆ ಗೂಬೆ ಕೂರಿಸಿದ್ದು? ಅವರ ಮುಂದೇನೇ ಇಳಿಸು."

ಭಾವ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಮುಕ್ಕಾಲಿ ಅಲ್ಲೇ ನಿಂತು ಮುಖ್ಯಸ್ಥೆಗೆ ಫೋನ್ ಮಾಡಿದ. ರಬ್ಬರ್ ಹಾಸು, ಜಾರಿದ ಪಾದ, ಅವತ್ತು ಅಂದ "ಹೌದು", ಎಲ್ಲ ಹೇಳಿದ.

"ಗೊರಸು ಇರಲಿ ಅಂತ ಹಾಕಿದ್ದು ಅಂದ್ರಲ್ಲ, ಅದನ್ನ ಮರೆಯೋಕೆ ನನಗೆ ಸ್ವಲ್ಪ ದಿನ ಬೇಕು," ಎಂದರು ಮುಖ್ಯಸ್ಥೆ. "ನಾಳೆ ಆ ಹಾಸು ಕಿತ್ತು ಎಲ್ಲಾ ಪರೀಕ್ಷೆನೂ ಮೊದಲಿಂದ ಮಾಡಿ. ಅಚ್ಚು ಆಮೇಲೆ. ಈಗ ನಿಮ್ಮಕ್ಕನಿಗೆ ಫೋನ್ ಕೊಡಿ."

ಅವರಿಬ್ಬರೂ ಏನು ಮಾತಾಡಿದರೋ ಅವನಿಗೆ ಕೇಳಲಿಲ್ಲ. ಚಿಕ್ಕಮ್ಮನಿಗೂ ಅವನೇ ಹೇಳಬೇಕಾಯಿತು. ಆ ದಿನದ ಗುಂಪನ್ನು ಮತ್ತೆ ಕೂಡಿಸುವುದು ಮಾತ್ರ ಆಗುವ ಮಾತಾಗಿರಲಿಲ್ಲ.

ಹೊರಡುವ ಮುಂಚೆ ಅಕ್ಕ ನಡುವಿನ ಕುರ್ಚಿ ಎಳೆದುಕೊಂಡು ಕೂತಳು. "ಬಾ, ನಿಲ್ಲಿಸು ನಿನ್ನ ಮೂರು ಕಾಲಿನ ಮಹಾರಾಯನ್ನ." ಭಾವ ಪತ್ರಿಕೆ ಬದಿಗಿಟ್ಟು ಅವಳ ಒಂದು ಪಕ್ಕ ನಿಂತರು, ಮುಕ್ಕಾಲಿ ಗುಂಡಿ ಒತ್ತಿ ಬಂದು ಇನ್ನೊಂದು ಪಕ್ಕ ನಿಂತ. ಕ್ಯಾಮೆರಾ ಅಲುಗಲಿಲ್ಲ.

ಆ ಫೋಟೋ ಈಗ ಅಕ್ಕನ ಗೋಡೆಯ ಮೇಲಿದೆ. ಅದರಲ್ಲಿ ಅಕ್ಕ, ಭಾವ ಇಬ್ಬರೂ ನೇರವಾಗಿ ನೋಡುತ್ತಿದ್ದಾರೆ. ತಮ್ಮನ ಕಣ್ಣು ಮಾತ್ರ ಕೆಳಗಿದೆ, ಕ್ಯಾಮೆರಾದ ಪಾದಗಳ ಮೇಲೆ.