ಆರು ಒರೆಗಳ ಸೊಂಟಪಟ್ಟಿ

ಮದುವೆಯಾಗಿ ಅಥಣಿ ಕಡೆಯಿಂದ ಧಾರಾವಿಗೆ ಬಂದ ಹೊಸದರಲ್ಲಿ ನಾನು ಮೂಗಿಗೆ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದೆ. ಚರ್ಮದ ವಾಸನೆ ಬಾರದ ಜಾಗವೇ ನಮ್ಮ ಓಣಿಯಲ್ಲಿ ಇರಲಿಲ್ಲ. ಈಗ, ಇಷ್ಟು ವರ್ಷಗಳ ಮೇಲೆ, ಚಪ್ಪಲಿ ಅಂಗಡಿಯ ಮುಂದೆ ಹಾದುಹೋದರೂ ಸಾಕು, ಹೆಜ್ಜೆ ನಿಧಾನವಾಗುತ್ತದೆ. ಐವತ್ತರ ದಶಕದ ಆ ಒಂದೇ ಕೋಣೆಯ ಮನೆ ನೆನಪಾಗುತ್ತದೆ. ಒಂದು ಮೂಲೆ ಅಡುಗೆಗೆ, ಉಳಿದದ್ದೆಲ್ಲ ಚರ್ಮಕ್ಕೆ.

ಗಂಡ ಹಗಲೆಲ್ಲ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಇರುತ್ತಿದ್ದರು. ಮನೆಯ ಹೊಲಿಗೆ ಕೆಲಸದ ಯಜಮಾನಿಕೆ ಅತ್ತೆಯದು. ಮಾವ ತೀರಿಕೊಂಡ ಮೇಲೆ ಚರ್ಮ ಕೊಯ್ಯುವ ರಂಪಿಗೆ, ತೂತು ಹಾಕುವ ಆರಿ ಎರಡನ್ನೂ ಅವರೇ ಕೈಗೆತ್ತಿಕೊಂಡಿದ್ದರು. ಇನ್ನೊಬ್ಬರನ್ನು ಹೊಗಳುವುದು ಅತ್ತೆಗೆ ಗೊತ್ತಿರಲಿಲ್ಲ. ತಮ್ಮ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ಸಹಿಸುವುದಂತೂ ಗೊತ್ತೇ ಇರಲಿಲ್ಲ. ಹೊಲಿಗೆ ಸೊಟ್ಟ ಎಂದ ಸೇಠ್ ಒಬ್ಬನ ಎದುರಿಗೇ ಚೀಲದ ದಾರವನ್ನೆಲ್ಲ ಬಿಚ್ಚಿ, ಚರ್ಮದ ತುಂಡುಗಳನ್ನು ಅವನ ಕೈಗಿಟ್ಟು ಕಳಿಸಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮಿಬ್ಬರಿಗೆ ದಿನಬೆಳಗಾದರೆ ಜಟಾಪಟಿ.

ಒಂದು ಶ್ರಾವಣದಲ್ಲಿ ಗಂಡಹೆಂಡತಿ ಇಬ್ಬರು ಬಂದರು. ಅವನು ಸರ್ಕಸ್ಸಿನಲ್ಲಿ ಕೊಡಲಿ ಎಸೆಯುವವನು, ಸಾಂಗ್ಲಿ ಕಡೆಯ ಮರಾಠಿಯವನು. ಕನ್ನಡ ಬೆರೆಸಿ ಮಾತಾಡುತ್ತಿದ್ದ. ಹೆಂಡತಿ ಜಮಖಂಡಿ ಕಡೆಯ ನಮ್ಮ ಮಾತಿನ ಹೆಣ್ಣು. ಅವಳು ಸೊಂಟಕ್ಕೆ ಕೊಡಲಿಗಳ ಪಟ್ಟಿ ಕಟ್ಟಿಕೊಂಡು ಆಟದ ಕಣಕ್ಕೆ ಬರಬೇಕು, ಪಟ್ಟಿ ಬಿಚ್ಚಿ ಅವನಿಗೆ ಕೊಟ್ಟು ಹಲಗೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಅವನು ಒಂದೊಂದೇ ಕೊಡಲಿ ಎಳೆದು ಅವಳ ಮೈಯ ಸುತ್ತ ನಾಟುವಂತೆ ಎಸೆಯಬೇಕು. ಹಳೆಯ ಪಟ್ಟಿ ಹರಿದಿತ್ತು. ದಸರೆಯಿಂದ ಆಟ ಶುರು, ಅಷ್ಟರಲ್ಲಿ ಆರು ಒರೆಗಳಿರುವ ಹೊಸ ಪಟ್ಟಿ ಬೇಕಿತ್ತು.

ಅತ್ತೆ ಮೇಣದ ನೂಲಿನಿಂದ ಅವಳ ಸೊಂಟದ ಅಳತೆ ತೆಗೆದು, ಗಂಟು ಹಾಕಿ, ಗೋಡೆಯ ಮೊಳೆಗೆ ನೇತುಹಾಕಿದರು. ನಮ್ಮಲ್ಲಿ ಪ್ರತಿ ಕೆಲಸಕ್ಕೂ ಒಂದು ನೂಲು. ಮಾಲು ಮನೆ ಬಿಡುವವರೆಗೆ ಅದು ಮೊಳೆ ಬಿಡುವಂತಿಲ್ಲ.

ಒರೆ ಬಿಗಿಯಾದರೆ ಎಳೆಯುವಾಗ ಕೈ ಜಗ್ಗುತ್ತದೆ, ಗುರಿ ತಪ್ಪುತ್ತದೆ. ಸಡಿಲಾದರೆ ನಡೆಯುವಾಗಲೇ ಕೊಡಲಿ ಜಾರಿ ಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಕೊಡಲಿಗಳನ್ನು ನಮ್ಮಲ್ಲೇ ಇಟ್ಟುಕೊಂಡಿದ್ದೆವು. ನೆನೆಸಿದ ಚರ್ಮವನ್ನು ಕೊಡಲಿಯ ತಲೆಗೇ ಸುತ್ತಿ, ಹೆಬ್ಬೆರಳಿನಿಂದ ತೀಡಿ, ಅದರ ಮೈಯ ಆಕಾರ ಬರುವವರೆಗೆ ಒಣಗಿಸುತ್ತಿದ್ದೆವು. ಅಲಗು ದಾರವನ್ನು ಕೊಯ್ಯದಂತೆ ಅಂಚಿಗೆ ಇನ್ನೊಂದು ಚರ್ಮದ ಎಳೆ ಇಟ್ಟು ಹೊಲಿಯುವುದು ನನ್ನ ಪಾಲು. ಆ ವರ್ಷದ ಮಳೆಗೆ ಏನೂ ಒಣಗುತ್ತಿರಲಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಒರೆಗಳನ್ನು ನೇತುಹಾಕಿದ್ದೆವು. ಅವುಗಳ ಕೆಳಗೆ ಕೂತು ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಆ ರೊಟ್ಟಿಯ ರುಚಿ ಆಮೇಲೆ ಎಲ್ಲಿಯೂ ಸಿಗಲಿಲ್ಲ.

ನವರಾತ್ರಿ ಶುರುವಾದಾಗ ಅಳತೆ ನೋಡಲು ಅವಳೊಬ್ಬಳೇ ಬಂದಳು. ಪಟ್ಟಿ ಕಟ್ಟಿದರೆ ಮೊದಲ ತೂತಿಗೂ ಕೊಂಡಿ ಮುಟ್ಟಲಿಲ್ಲ. ಅತ್ತೆ ಅವಳ ಮುಖ ನೋಡಿ, ಎಷ್ಟು ತಿಂಗಳು ಎಂದಷ್ಟೇ ಕೇಳಿದರು. ಅವಳು ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಗಂಡನಿಗೆ ಇನ್ನೂ ಹೇಳಿರಲಿಲ್ಲ. ಹೇಳಿದರೆ ಅವನು ಅವಳನ್ನು ಹಲಗೆಗೆ ನಿಲ್ಲಿಸುವುದಿಲ್ಲ, ಇಡೀ ಮಳೆಗಾಲ ಖಾಲಿ ಕೂತವರನ್ನು ಸರ್ಕಸ್ಸಿನ ಮಾಲಕ ಮನೆಗೆ ಕಳಿಸುತ್ತಾನೆ ಎಂಬ ಹೆದರಿಕೆ. ಇನ್ನೊಂದು ತುಂಡು ಜೋಡಿಸಿ ಕೊಡಿ, ಬಾಯಿ ಬಿಡಬೇಡಿ ಎಂದು ಕಾಲಿಗೆ ಬಿದ್ದಳು.

"ಬಾಯಿ ಬಿಡಂಗಿಲ್ಲ. ಆದರ ನೀ ನಿನ್ನ ಗಂಡಗ ಹೇಳೂತನಕಾ ನಾ ಈ ಪಟ್ಟಿಗೆ ಸೂಜಿ ಹಚ್ಚಂಗಿಲ್ಲ," ಎಂದರು ಅತ್ತೆ.

ಆಯುಧಗಳಿಗೆ ಖಂಡೇ ಪೂಜೆ ಮಾಡುವ ದಿನ ಇಬ್ಬರೂ ಬಂದರು. ರಂಪಿಗೆ, ಆರಿ, ಅವನ ಆರೂ ಕೊಡಲಿಗಳು ಮಣೆಯ ಮೇಲೆ ಚೆಂಡುಹೂವಿನ ನಡುವೆ ಕೂತಿದ್ದವು. ಸಂಜೆ ತಾಲೀಮು ಇದೆ, ಕೊಡಿ ಎಂದ. ಪೂಜೆಗಿಟ್ಟ ಆಯುಧ ನಾಳೆಯವರೆಗೆ ಎತ್ತುವಂತಿಲ್ಲ ಎಂದರು ಅತ್ತೆ. ಪಟ್ಟಿ ಆಯುಧವಲ್ಲವಲ್ಲ ಎಂದು ಅವನು ಅದನ್ನೆತ್ತಿ ಹೆಂಡತಿಯ ಸೊಂಟಕ್ಕೆ ಸುತ್ತಿದ. ಕೊಂಡಿ ಮುಟ್ಟಲಿಲ್ಲ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಇನ್ನೂ ಹೇಳಿಲ್ಲ ಎಂಬುದು ನನಗೂ ತಿಳಿಯಿತು.

"ಆಯಿ, ಪಟ್ಟಾ ಕಮಿ ಕತ್ತರಿಸೀರಿ ನೀವು," ಎಂದ.

ಸೇಠ್‌ನ ಗತಿಯೇ ಇವನಿಗೂ ಎಂದುಕೊಂಡೆ. ಆದರೆ ಅತ್ತೆ ಅವಳನ್ನೊಮ್ಮೆ ನೋಡಿ, ಮೆಲ್ಲಗೆ, "ಹೌದಪಾ, ಕೈ ತಪ್ಪಾತು. ನಾಳೆ ಜೋಡ ಹಚ್ಚಿ ಕೊಡ್ತೀನಿ," ಎಂದರು.

ಆ ಕೈಗೆ ತಪ್ಪು ಎಂಬ ಮಾತೇ? ಬಾಯಿ ಬಿಡಂಗಿಲ್ಲ ಎಂದು ಮಾತು ಕೊಟ್ಟವರು ಅತ್ತೆ, ನಾನಲ್ಲ. ಮೊಳೆಯಿಂದ ನೂಲು ಕಿತ್ತು ಅವನ ಕೈಗಿಟ್ಟೆ. "ಶ್ರಾವಣದಾಗ ನಿಮ್ಮ ಮುಂದನ ತಗೊಂಡ ಅಳತಿ ಇದು. ನೀವ ಹಿಡದ ನೋಡ್ರಿ."

ಅವನು ನೂಲನ್ನು ಪಟ್ಟಿಗೆ ಹಿಡಿದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಮೇಲೆ ಅದೇ ನೂಲನ್ನು ಹೆಂಡತಿಯ ಸೊಂಟಕ್ಕೆ ಸುತ್ತಿದ. ತುದಿಗೆ ಗಂಟು ಸೇರಲಿಲ್ಲ. ನೂಲು ಹಿಡಿದುಕೊಂಡೇ ಅವಳ ಮುಖ ನೋಡಿದ, ಹೊಟ್ಟೆ ನೋಡಿದ, ಮಣೆಯ ಮೇಲಿನ ಕೊಡಲಿಗಳನ್ನು ನೋಡಿದ. ಹೊಸ್ತಿಲ ಮೇಲೆ ಕೂತ. ಮಾಲಕನಿಗೆ ಏನು ಹೇಳಲಿ, ಹಲಗೆಗೆ ಯಾರನ್ನು ನಿಲ್ಲಿಸಲಿ ಎಂದು ಅತ್ತೆಯನ್ನೇ ಕೇಳಿದ.

"ಕುಂಬಳಕಾಯಿ ನಿಲ್ಲಸು. ಹಬ್ಬದಾಗ ಎಲ್ಲಾರೂ ಅದನ್ನ ಬಲಿ ಕೊಡತಾರ," ಎಂದರು ಅತ್ತೆ.

ಅವರು ಹೋದ ಮೇಲೆ ಬೈಗುಳ ಬರುತ್ತದೆಂದು ಕಾದೆ. ನನ್ನ ಕೆಲಸದಲ್ಲಿ ಕೊಂಕು ತೆಗೆದರೆ ನಿನಗ್ಯಾಕೆ ಅಷ್ಟು ಸಿಟ್ಟು ಎಂದಷ್ಟೇ ಅತ್ತೆ ಕೇಳಿದರು. ಆ ದಿನ ಚಹಾ ಅವರೇ ಮಾಡಿ ನನ್ನ ಕೈಗೆ ಕೊಟ್ಟರು.

ಮಾಲಕ ಗೊಣಗುತ್ತಲೇ ಒಪ್ಪಿದನಂತೆ. ಒಂದು ಸಂಜೆ ಲೋಕಲ್ ಹಿಡಿದು ಅತ್ತೆ ಸೊಸೆ ಆಟ ನೋಡಲು ಹೋದೆವು. ಜೋಡಿಸಿದ ಪಟ್ಟಿ ಕಟ್ಟಿಕೊಂಡು ಬಂದ ಅವಳು ಅದನ್ನು ಗಂಡನಿಗೆ ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು. ಹಲಗೆಯ ನಡುವೆ ಕುಂಕುಮ ಹಚ್ಚಿದ ದೊಡ್ಡ ಕುಂಬಳಕಾಯಿ ಕಂಡು ಜನ ಹೋ ಎಂದು ನಕ್ಕರು. ಅವನು ಕೊಡಲಿ ಎಳೆದಾಗಲೆಲ್ಲ ಅತ್ತೆ ನನ್ನ ಕೈ ಹಿಚುಕುತ್ತಿದ್ದರು. ಒಂದು ಒರೆಯೂ ಅವನ ಕೈ ಜಗ್ಗಲಿಲ್ಲ. ಆರೂ ಕೊಡಲಿಗಳು ಕಾಯಿಯ ಸುತ್ತ ನಾಟಿದವು.

ಮರುದಿನ ಆ ಕುಂಬಳಕಾಯಿಯನ್ನು ಹೊತ್ತುಕೊಂಡು ಅವನು ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದ. ಗೋಡೆಯ ಪಕ್ಕ ಇಟ್ಟು ಕೂತ. ಬೆಲ್ಲ ಹಾಕಿ ಸಿಹಿ ಗಾರಿಗೆ ಕರಿಯೋಣ ಎಂದು ಅತ್ತೆ ಈಳಿಗೆ ತಂದರು. ಕಾಯಿಯನ್ನು ತಿರುಗಿಸಿದಾಗ ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ ಕೊಡಲಿಯ ಅಲಗು ತಾಗಿದ ಒಂದು ಸಣ್ಣ ಗೀರು ಕಂಡಿತು. ಸಿಪ್ಪೆ ಸೀಳಿ ಒಳಗಿನ ಹಳದಿ ಇಣುಕುತ್ತಿತ್ತು. ಅತ್ತೆ ಅದರ ಮೇಲೆ ಬೆರಳಿಟ್ಟು ಅವನ ಕಡೆ ನೋಡಿದರು. ಅವನು ತಲೆ ಎತ್ತಲಿಲ್ಲ. ಹೆಂಡತಿ ಒಲೆಯ ಮುಂದೆ ನನ್ನೊಂದಿಗೆ ಬೆಲ್ಲ ಕುಟ್ಟುತ್ತಾ ಏನೋ ಹೇಳಿ ನಗುತ್ತಿದ್ದಳು.

ಅತ್ತೆ ಆ ಗೀರಿನ ಮೇಲೆಯೇ ಕಾಯಿಯನ್ನು ಹೋಳು ಮಾಡಿದರು.