ಮಾವಶಿಗೆ ಸಿಗದ ಜಾಗ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಆ ಹಳ್ಳಿಗೆ ನನ್ನ ಗಂಡ ಪ್ರಾಟೆಸ್ಟಂಟ್ ಸಭಾಪಾಲಕನಾಗಿ ಹೋದಾಗ ನಮಗೆ ಮದುವೆಯಾಗಿ ಎರಡು ವರ್ಷ. ಇಂಗ್ಲಿಷರ ಕಾಲದ ಕಪ್ಪುಕಲ್ಲಿನ ಚರ್ಚು, ನಲವತ್ತು ಮನೆಗಳ ಸಭೆ, ಹಿಂದೆ ಸ್ಮಶಾನ. ಆರಾಧನೆ, ಹಾಡು, ಜಗಳ ಎಲ್ಲವೂ ಮರಾಠಿಯಲ್ಲಿ. ಧಾರವಾಡದವಳಾದ ನನಗೆ ಕನ್ನಡ ಉಳಿದದ್ದು ಅಡುಗೆಮನೆಯಲ್ಲಿ ಮಾತ್ರ.

ಕಾಲುವೆಯ ಆಚೆ ಕಥೋಲಿಕರ ಹನ್ನೆರಡು ಮನೆ, ಒಂದು ತಗಡಿನ ಚರ್ಚು. ಅಲ್ಲಿಯ ಫಾದರ್ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರು. ಒಂದು ದಿನ ನಾನು ಅಂಗಳದಲ್ಲಿ ನಿಂತು ಕನ್ನಡದಲ್ಲಿ ಗಂಡನನ್ನು ಬೈಯುತ್ತಿದ್ದುದು ಕೇಳಿಸಿ ಬೈಕ್ ನಿಲ್ಲಿಸಿದರು.

“ಅಕ್ಕಾರ, ಯಾವೂರಿನ ಬೈಗಳಾರೀ ಇವು? ಭಾಳ ದಿನಾ ಆಗಿತ್ತು ಕೇಳಿ.”

ಅಂದಿನಿಂದ ಅವರು ನಮ್ಮ ಮನೆಯವರೇ ಆದರು. ವಾರಕ್ಕೊಮ್ಮೆ ರೊಟ್ಟಿ, ಪುಂಡಿಪಲ್ಲೆ ಉಂಡು ಹೋಗುತ್ತಿದ್ದರು. ಗುಡ್ ಫ್ರೈಡೇ ದಿನ ಎರಡೂ ಸಭೆಯವರು ಒಂದೇ ಶಿಲುಬೆ ಹೊತ್ತು ಕಾಲುವೆಯ ದಂಡೆಗುಂಟ ನಡೆಯುವ ರೂಢಿ ಹಾಕಿದ್ದು ಅವರು ಮತ್ತು ನನ್ನ ಗಂಡ. ನಮ್ಮ ಚರ್ಚ್ ಕಮಿಟಿಯ ಕೆಲವರಿಗೆ ಅದು ಸೇರುತ್ತಿರಲಿಲ್ಲ. ಆದರೂ ನಡೆಯುತ್ತಿದ್ದರು.

ಫಾದರ್ ಅವರ ಸಭೆಯ ಒಬ್ಬ ಮುದುಕಿಯನ್ನು ಊರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಗಂಡನಿಲ್ಲ, ಮಕ್ಕಳಿಲ್ಲ. ಬುಧವಾರ ನಮ್ಮ ಹೆಂಗಸರ ಕೂಟಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಬಟ್ಟೆ ಹೊಲಿಯುತ್ತ ನಮ್ಮ ಹಾಡುಗಳನ್ನು ತಪ್ಪುತಪ್ಪಾಗಿ ಹಾಡುತ್ತಿದ್ದಳು.

ಮೂರನೆಯ ವರ್ಷ ನನ್ನ ಮಗು ಏಳು ತಿಂಗಳಿಗೇ ಸತ್ತು ಹುಟ್ಟಿತು. ಹೆಣ್ಣು. ನಾನು ಮುಖ ನೋಡಲಾರೆ ಎಂದೆ. ಮಾವಶಿ ಅದಕ್ಕೆ ಬಿಸಿನೀರಿನ ಸ್ನಾನ ಮಾಡಿಸಿ, ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ಸುತ್ತಿ, ನನ್ನ ಪಕ್ಕ ಮಲಗಿಸಿದಳು. “ನೋಡು ಮಗಳೇ, ಆಮೇಲೆ ನೋಡಲಿಲ್ಲವಲ್ಲ ಅಂತ ಕೊರಗುತ್ತೀಯ” ಎಂದು ಮರಾಠಿಯಲ್ಲಿ ಹೇಳಿದಳು. ನೋಡಿದೆ. ಮಗುವನ್ನು ಚರ್ಚಿನ ಹಿಂದೆಯೇ ಹೂಳಿದೆವು. ಪ್ರತಿ ನವೆಂಬರ್‌ನಲ್ಲಿ, ಕಥೋಲಿಕರು ಸತ್ತವರನ್ನು ನೆನೆಯುವ ದಿನ, ಮಾವಶಿ ಆ ಪುಟ್ಟ ಸಮಾಧಿಯ ಮೇಲೆ ಮೇಣಬತ್ತಿ ಹಚ್ಚುತ್ತಿದ್ದಳು. ನಮ್ಮಲ್ಲಿ ಆ ಪದ್ಧತಿಯಿಲ್ಲ ಎಂದು ಕಮಿಟಿಯ ಹಿರಿಯರೊಬ್ಬರು, ನಿವೃತ್ತ ಮಾಸ್ತರರು, ತಕರಾರು ತೆಗೆದರು. ನನ್ನ ಗಂಡ ಅವಳಿಗೆ ಬೇಡವೆಂದ. ಅವಳು ತಲೆಯಾಡಿಸಿ, ಮರುವರ್ಷವೂ ಹಚ್ಚಿದಳು.

ಒಂದು ಜೂನ್‌ನಲ್ಲಿ ಜ್ವರ ಬಂದು ಶಿರೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಥೋಲಿಕರಿಗೆ ಅಲ್ಲಿ ಸ್ವಂತ ಸ್ಮಶಾನವಿರಲಿಲ್ಲ. ನಮ್ಮ ಹಿಂದಿನ ಸಭಾಪಾಲಕರು ಅವರ ಒಂದಿಬ್ಬರನ್ನು ನಮ್ಮಲ್ಲೇ ಹೂಳಲು ಬಿಟ್ಟಿದ್ದರು. ಫಾದರ್ ಅದೇ ಭರವಸೆಯಿಂದ ಹೆಣವನ್ನು ನೇರ ನಮ್ಮ ಗೇಟಿಗೆ ತಂದರು.

ನಮ್ಮ ಪಡಸಾಲೆಯಲ್ಲಿ ಕಮಿಟಿ ಕೂತಿತು. ಮಾಸ್ತರರು ಎರಡೇ ಮಾತು ಹೇಳಿದರು: “ಜಾಗಾ ನಾಹೀ.” ಜಾಗವಿಲ್ಲ. ಇಂದು ಒಬ್ಬರಿಗೆ ಕೊಟ್ಟರೆ ನಾಳೆ ನಮ್ಮ ಮಕ್ಕಳಿಗೆ ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ಎಲ್ಲರೂ ನನ್ನ ಗಂಡನ ಮುಖ ನೋಡಿದರು. ಅವನು ನೆಲ ನೋಡಿದ.

ನಾನು ಒಳಗಿನಿಂದ ಕನ್ನಡದಲ್ಲಿ ಹೇಳಿದೆ, “ಒಂದ್ ಮಾತ ಆಡ್ರಿ. ನಿಮ್ಮ ಕೂಸಿಗೆ ನೀರ ಹಾಕಿದಾಕಿ ಅಕಿ.”

“ಕಮಿಟಿ ಠರಾವು ಅದ,” ಅಂದ. “ನಾ ಏನ್ ಮಾಡ್ಲಿ?”

ಹೊರಗೆ ನಿಂತಿದ್ದ ಫಾದರ್‌ಗೆ ಅದು ಕೇಳಿಸಿತು. ಅಲ್ಲಿ ಕನ್ನಡ ತಿಳಿಯುವವರು ನಾವು ಮೂವರೇ.

“ಇರ್ಲಿ ಬಿಡ್ರಿ ಅಕ್ಕಾರ,” ಅಂದರು. “ಪುಣೆಕ್ಕ ಒಯ್ತೀವಿ.”

ನಾನು ಚಪ್ಪಲಿ ಮೆಟ್ಟಿ ಹೆಣವಿದ್ದ ಟೆಂಪೋ ಹತ್ತಿದೆ. ಗಂಡ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ದಾರಿಯುದ್ದಕ್ಕೂ ಮಳೆ. ವಾಘೋಲಿಯ ಟ್ರಾಫಿಕ್ಕಿನಲ್ಲಿ ಒಂದು ತಾಸು ನಿಂತೆವು. ಟೆಂಪೋಗೆ ಹೊದಿಸಿದ ತಾಡಪತ್ರಿಯ ತೂತಿನಿಂದ ನೀರು ಶವಪೆಟ್ಟಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಸೆರಗಿನಿಂದ ಒರೆಸುತ್ತಿದ್ದೆ. ಫಾದರ್ ಜಪಸರ ಹಿಡಿದು ಕೂತಿದ್ದರು, ತುಟಿ ಅಲುಗುತ್ತಿರಲಿಲ್ಲ.

ಪುಣೆಯ ಹಡಪಸರದ ಕಡೆಯ ಕಥೋಲಿಕ ಸ್ಮಶಾನದಲ್ಲಿ, ಅವಳು ಒಮ್ಮೆಯೂ ಕಾಲಿಡದ ಊರಿನಲ್ಲಿ, ಅವಳನ್ನು ಇಳಿಸಿದೆವು. ಅರ್ಧ ಮಣ್ಣು ಬಿದ್ದಾಗ ನನ್ನ ಗಂಡ ಬೈಕಿನಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಫಾದರ್ ಪ್ರಾರ್ಥನೆಯ ಪುಸ್ತಕವನ್ನು ಅವನ ಕೈಗಿಟ್ಟರು. ಎರಡು ಸಾಲು ಓದಿದ. ಪುಸ್ತಕ ಮುಚ್ಚಿದ. ಉಳಿದದ್ದನ್ನು ಫಾದರ್ ಪುಸ್ತಕವಿಲ್ಲದೆ ಹೇಳಿ ಮುಗಿಸಿದರು.

ಆಮೇಲೂ ಅವರು ನಮ್ಮ ಮನೆಗೆ ಬಂದರು. ಆದರೆ ಬೈಕಿನ ಸದ್ದು ಕೇಳಿದರೆ ನನ್ನ ಗಂಡ ಹಿತ್ತಲಿಗೆ ಹೋಗುತ್ತಿದ್ದ. ಮುಂದಿನ ಗುಡ್ ಫ್ರೈಡೇಗೆ ಕಾಲುವೆಯ ಆಚೆಯಿಂದ ಯಾರೂ ಬರಲಿಲ್ಲ, ನಮ್ಮವರು ಯಾರೂ ಕರೆಯಲಿಲ್ಲ. ಆ ಮಳೆಗಾಲದಲ್ಲಿ ಫಾದರ್‌ಗೆ ಭೋರ್ ಕಡೆಗೆ ವರ್ಗವಾಯಿತು. ನನ್ನ ಗಂಡ ತಾನೇ ಅರ್ಜಿ ಹಾಕಿ ಪುಣೆಗೆ ಬಂದ. ಮಗುವನ್ನು ಅಲ್ಲೇ ಬಿಟ್ಟು ಬಂದೆವು ಎಂದು ನಾನು ಬಹಳ ದಿನ ಅತ್ತೆ. ಅವನು ಸಮಾಧಾನ ಮಾಡಲು ಬರಲಿಲ್ಲ. ಬಂದಿದ್ದರೆ ನಾನು ಏನು ಅನ್ನುತ್ತಿದ್ದೆನೋ ಅವನಿಗೆ ಗೊತ್ತಿತ್ತು.

ಹೋದ ವರ್ಷ ಫಾದರ್ ಫೋನ್ ಮಾಡಿದ್ದರು. ಗಂಡ ಎದುರಿಗೇ ಕೂತಿದ್ದ. ದನಿ ಗುರುತು ಹಿಡಿದು, ನಾನಿಲ್ಲ ಎಂದು ಕೈ ಆಡಿಸಿದ.

“ಹೊರಗ ಹೋಗ್ಯಾರ್ರಿ,” ಅಂದೆ.

ಫಾದರ್ ಅಂದರು, “ಆತ್ರಿ ಅಕ್ಕಾರ. ನಂಗ ಸಿಟ್ಟಿಲ್ಲ ಅಂತ ಹೇಳ್ರಿ.”

ಫೋನಿಟ್ಟು ಹೇಳಿದೆ. ಅವನು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.