ಕೆನ್ನೆಯೊಳಗಿನ ಎದೆ

ಅವರ ಎಡಗೆನ್ನೆಯ ಒಳಗೆ ಕೂದಲು ಬೆಳೆಯುತ್ತಿತ್ತು. ಗಿಡ್ಡ, ಒರಟು ಕೂದಲು. ಅನ್ನದ ಅಗುಳು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಹರಿಹರದಲ್ಲಿ ನಮ್ಮ ಪಕ್ಕದ ಮನೆಯವರು. ಹಿಟ್ಟಿನ ಗಿರಣಿ ಇಟ್ಟಿದ್ದರಿಂದ ನಮಗೆಲ್ಲ ಗಿರಣಿ ಮಾವ. ರೆಪ್ಪೆಯ ಮೇಲೆ ಸದಾ ಜೋಳದ ಹಿಟ್ಟು, ಹಣೆಯಲ್ಲಿ ಮೂರು ಗೆರೆ ವಿಭೂತಿ, ಎಡಗೆನ್ನೆಯಲ್ಲಿ ಸುಣ್ಣ ತಿಕ್ಕಿದ ತಂಬಾಕು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ, ಗುಟ್ಟನ್ನೂ ಬೀದಿಗೆ ಕೇಳುವಂತೆ ಹೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಕೆನ್ನೆಯೊಳಗೆ ಕ್ಯಾನ್ಸರ್ ಆಯಿತು. ದಾವಣಗೆರೆಯ ಡಾಕ್ಟರು, ಹುಣ್ಣು ತೆಗೆದ ಜಾಗಕ್ಕೆ ಅವರದೇ ಚರ್ಮವನ್ನು ರಕ್ತನಾಳದ ಸಮೇತ ತಿರುಗಿಸಿ ಹೊಲಿಯಬೇಕು ಎಂದರು. ಹಣೆಯದಾದರೂ ಆದೀತು, ಎದೆಯದಾದರೂ ಆದೀತು.

“ಹಣಿ ಬ್ಯಾಡ್ರಿ. ಈಬತ್ತಿ ಹಚ್ಚೋ ಜಾಗಕ್ಕೆ ಎಂಜಲಾಗಬಾರ್ದು. ಎದೀದು ತಗೊಳ್ರಿ, ಅಲ್ಲಿ ಹೆಂಗೂ ಅಂಗಿ ಇರ್ತೈತೆ.”

ಮಾವನ ಹೆಂಡತಿ, ನಮಗೆಲ್ಲ ಅತ್ತೆ, ಕೇಳಿದರು: “ಅದು ಬದುಕ್ತೈತೇನ್ರಿ?”

“ಸಾಮಾನ್ಯವಾಗಿ ಬದುಕುತ್ತೆ. ಮೊದಲ ಕೆಲವು ದಿನ ಬಣ್ಣ ನೋಡ್ತಿರಬೇಕು. ಕಪ್ಪಾಗಿ ಸತ್ತರೆ ಕೆನ್ನೆಗೆ ತೂತು ಬೀಳುತ್ತೆ.”

ಆಪರೇಷನ್ ಆದ ಮೂರನೆಯ ದಿನ ಹೊಲಿದ ಚರ್ಮದ ಅಂಚು ನೀಲಿಗಟ್ಟಿತು. ಡಾಕ್ಟರು ಹೊಲಿಗೆ ಬಿಚ್ಚಿ, ಒಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ಸಂಜೆಗೆ ಬಣ್ಣ ತಿರುಗಿತು.

ಮನೆಗೆ ಬಂದ ಮೇಲೆ ಕೂದಲು ಶುರುವಾಯಿತು. ಅತ್ತೆಗೆ ಬಾಯೊಳಗೆ ನೋಡಲು ಧೈರ್ಯವಿರಲಿಲ್ಲ. ನಾನು ಪ್ರಾಣಿಶಾಸ್ತ್ರ ಓದಿದವಳು.

“ಕಪ್ಪೆ ಕೊಯ್ದ ಕೈ ನಿಂದು. ನಂದೂ ಒಂಚೂರು ಕತ್ತರ್ಸವ್ವ,” ಎಂದರು ಮಾವ.

ಗಿರಣಿಗೆ ರಜೆ ಇರುತ್ತಿದ್ದ ಸೋಮವಾರ ಬೆಳಿಗ್ಗೆ ಸಣ್ಣ ಕತ್ತರಿ ಕುದಿಸಿಕೊಂಡು ಹೋಗುತ್ತಿದ್ದೆ. ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ, ಹಲ್ಲುಗಳ ಆಚೆ, ಒಬ್ಬ ಗಂಡಸಿನ ಎದೆ. ಮುಗಿದ ಮೇಲೆ ಒಂದೇ ಪ್ರಶ್ನೆ:

“ನನ್ನ ಎದಿ ಹೆಂಗೈತವ್ವ?”

“ಚಲೋ ಐತೆ ಮಾವ.”

ಒಂದು ಸೋಮವಾರ, ದವಡೆ ಹಿಡಿದಿದ್ದ ನನ್ನ ಬೆರಳಿಗೆ ಕೆಳಗೆ ಕುತ್ತಿಗೆಯಲ್ಲಿ ಗಟ್ಟಿ ಗಂಟು ಸಿಕ್ಕಿತು. ಕತ್ತರಿ ನಿಂತಿತು. ಮಾವ ಮೊದಲ ಸಲ ಮೆಲ್ಲಗೆ ಮಾತಾಡಿದರು.

“ಗಂಟಿಂದು ನಂಗೂ ಗೊತ್ತೈತೆ. ಎದೀದು ಹೇಳು.”

“ಚಲೋ ಐತೆ.”

ಅದು ನಿಜವಾಗಿತ್ತು. ಡಾಕ್ಟರೂ ಅದನ್ನೇ ಹೇಳಿದರು: ಹೊಲಿದದ್ದು ಚೆನ್ನಾಗಿದೆ, ರೋಗ ಕುತ್ತಿಗೆಗೆ ಇಳಿದಿದೆ. ನನ್ನ ಸೋಮವಾರಗಳು ಮಾತ್ರ ನಿಲ್ಲಲಿಲ್ಲ.

ಭಾನುವಾರವೊಂದರ ನಸುಕಿನಲ್ಲಿ ಮಾವ ತೀರಿಕೊಂಡರು. ಗೋಡೆಗೆ ಒರಗಿಸಿ ಕೂರಿಸಿ, ಕಲೆಯಿಲ್ಲದ ಆ ಹಣೆಯ ತುಂಬ ವಿಭೂತಿ ಬಳಿದರು. ಬಾಯಿ ಕೊಂಚ ತೆರೆದಿತ್ತು. ಒಳಗೆ ವಾರದ ಕೂದಲು ಬೆಳೆದಿರುವುದು ನನಗೊಬ್ಬಳಿಗೇ ಗೊತ್ತಿತ್ತು. ಸಂಜೆಯೊಳಗೆ ಮಣ್ಣು ಮಾಡಿ ಬಂದರು.

ಮರುದಿನ ಬೆಳಿಗ್ಗೆ ಎದ್ದು, ಕತ್ತರಿಯನ್ನು ನೀರಿಗೆ ಹಾಕಿ ಒಲೆಯ ಮೇಲಿಟ್ಟೆ.